ಬೇಲಿಯಲ್ಲಿ ಕೆಂಪಗಿರುವುದೆಲ್ಲ ಕೇಪಳವಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಮಕ್ಕಳು ಮೊಬೈಲ್ ಬದಿಗಿಟ್ಟು ಕೇಪಳ, ಕುಂಟಾಲ, ಕರಂಡೆ ಹಣ್ಣುಗಳ ರುಚಿ ನೋಡಲಿ ಎಂದು ನಿಮ್ಮ ಪುರವಣಿಯಲ್ಲಿ ಬಂದ ಬರಹಕ್ಕೆ ನಮ್ಮ ತಕರಾರಿಲ್ಲ. ತಿನ್ನಬೇಕಾದ ಹಣ್ಣುಗಳೇ ಅವು. ಆದರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಕಡೆ ಈಗ ಮಕ್ಕಳು ಹಣ್ಣು ಕೀಳುವುದು ಗುಡ್ಡೆಯಲ್ಲಲ್ಲ, ಮನೆಯ ಕಂಪೌಂಡಿನ ಒಳಗೆ. ಅಲ್ಲಿ ಇರುವುದರಲ್ಲಿ ಅರ್ಧಕ್ಕರ್ಧ ಕೇರಳದ ಮಣ್ಣುತ್ತಿ, ಆಂಧ್ರದ ಕಡಿಯಂ ಕಡೆಯ ನರ್ಸರಿಗಳಿಂದ ಟೆಂಪೋದಲ್ಲಿ ಬಂದ ಅಲಂಕಾರದ ಗಿಡಗಳು. ಅವುಗಳ ಹಣ್ಣು ಹೇಗಿರುತ್ತದೆ, ತಿಂದರೆ ಏನಾಗುತ್ತದೆ ಎಂಬುದು ಅಜ್ಜಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಗುಡ್ಡೆಯ ಹಣ್ಣಿನ ವಿಚಾರದಲ್ಲಿ ನಡೆಯುತ್ತಿದ್ದ ಲೆಕ್ಕಾಚಾರ ಈ ಗಿಡಗಳ ಮುಂದೆ ನಡೆಯುವುದಿಲ್ಲ.

ಮೊದಲು ಆ ಲೆಕ್ಕಾಚಾರವನ್ನೇ ನೋಡೋಣ. ಹಕ್ಕಿ ತಿಂದರೆ ಮನುಷ್ಯನೂ ತಿನ್ನಬಹುದು ಎನ್ನುವವರು ಇನ್ನೂ ಇದ್ದಾರೆ. ಕೋಗಿಲೆ ಹಳದಿ ಕರವೀರದ ಹಣ್ಣನ್ನು ಆರಾಮಾಗಿ ತಿನ್ನುತ್ತದೆ. ಅದೇ ಕರವೀರದ ಒಂದೆರಡು ಬೀಜ ಮಗುವಿನ ಹೃದಯದ ಬಡಿತವನ್ನು ಕೆಡಿಸಲು ಸಾಕು. ಹಕ್ಕಿ ಹಣ್ಣನ್ನು ನುಂಗಿ ಬೀಜವನ್ನು ಹಾಗೆಯೇ ಹೊರಗೆ ಹಾಕುತ್ತದೆ, ನಾವು ಜಗಿಯುತ್ತೇವೆ. ಹಕ್ಕಿಯ ಮೈಯೂ ಬೇರೆ. ಸಿಹಿಯಾಗಿದ್ದರೆ ವಿಷವಿಲ್ಲ ಎಂಬುದೂ ಅಷ್ಟೇ ಟೊಳ್ಳು. ಬೇಲಿಗೆ ನೆಡುವ ಕಾಡುಹರಳಿನ (ಜಟ್ರೋಫಾ) ಬೀಜ ಕಡಲೆಬೀಜದಷ್ಟೇ ರುಚಿ. ಮಕ್ಕಳು ಒಂದಾದ ಮೇಲೊಂದು ತಿನ್ನುವುದು ಅದಕ್ಕೇ, ಆಮೇಲೆ ಗುಂಪಾಗಿ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರುವುದೂ ಅದಕ್ಕೇ. ಸೊನೆ ಬಂದರೆ ವಿಷ ಎಂಬ ಮಾತು ಸ್ವಲ್ಪ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನೇ ನಂಬಿದರೆ ಕರಂಡೆಯನ್ನೂ ಚಿಕ್ಕುವನ್ನೂ ಹಲಸನ್ನೂ ಬಿಡಬೇಕಾಗುತ್ತದೆ. ಹಳದಿ ಎಲೆಯ ಬೇಲಿಗಿಡ ದುರಂತಾಕ್ಕೆ ಸೊನೆಯೇ ಇಲ್ಲ, ಆದರೂ ಅದು ತಿನ್ನುವ ಹಣ್ಣಲ್ಲ. ಬಣ್ಣದ ಮಾತಂತೂ ಎತ್ತುವುದೇ ಬೇಡ.

ಹಾಗಾದರೆ ನೋಡಬೇಕಾದದ್ದು ಏನು? ಹಣ್ಣನ್ನು ಮಾತ್ರ ಅಂಗೈಯಲ್ಲಿ ಇಟ್ಟುಕೊಂಡು ಯಾರೂ ಏನನ್ನೂ ಹೇಳಲಾರರು. ಒಂದು ಗೇಣು ಉದ್ದದ ಗೆಲ್ಲು ಬೇಕು, ಅದರಲ್ಲಿ ಎಲೆ, ಕಾಯಿ, ಹಣ್ಣು, ಸಿಕ್ಕಿದರೆ ಹೂವು ಇರಬೇಕು. ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೇ, ಒಂದು ಬಿಟ್ಟು ಒಂದರಂತೆ ಇವೆಯೇ, ಒಂದೇ ಗಂಟಿನಲ್ಲಿ ಮೂರು ನಾಲ್ಕು ಸುತ್ತುಗಟ್ಟಿವೆಯೇ ಎಂದು ನೋಡಬೇಕು. ಆಮೇಲೆ ಹೂವಿನ ಹಸಿರು ಟೊಪ್ಪಿ ಹಣ್ಣಿನ ಯಾವ ಕಡೆ ಉಳಿದಿದೆ ಎಂಬುದು. ಬದನೆಯಲ್ಲಿ ಅದು ತೊಟ್ಟಿನ ಕಡೆ ಇರುತ್ತದೆ, ಪೇರಳೆಯಲ್ಲಿ ತೊಟ್ಟಿಗೆ ವಿರುದ್ಧ ತುದಿಯಲ್ಲಿ ಕಿರೀಟದಂತೆ ನಿಂತಿರುತ್ತದೆ. ಕೊನೆಗೆ ಬ್ಲೇಡಿನಿಂದ ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ಬೀಜ ಎಷ್ಟು, ಯಾವ ಗಾತ್ರದ್ದು ಎಂದು ಎಣಿಸಬೇಕು. ನಾಲಗೆಗೆ ಮುಟ್ಟಿಸಿ ನೋಡುವುದು ಪರೀಕ್ಷೆಯಲ್ಲ. ಕತ್ತರಿಸಿದ ಬ್ಲೇಡನ್ನೂ ಕೈಯನ್ನೂ ಸಾಬೂನು ಹಾಕಿ ತೊಳೆಯಿರಿ.

ಕೇಪಳದಿಂದಲೇ ಶುರುಮಾಡೋಣ. ನಮ್ಮ ಮುಳಿಗುಡ್ಡೆಗಳ ಕೇಪಳದಲ್ಲಿ ಎಲೆ ಜೋಡಿಜೋಡಿಯಾಗಿರುತ್ತದೆ, ಎರಡು ತೊಟ್ಟುಗಳ ನಡುವೆ ಗೆಲ್ಲಿಗೆ ಅಂಟಿಕೊಂಡು ಸಣ್ಣ ಚೂಪು ಮುಳ್ಳಿನಂಥ ಪೊರೆಯೊಂದು ಇರುತ್ತದೆ. ಹಣ್ಣು ಕಡುಗೆಂಪು, ತುದಿಯಲ್ಲಿ ನಾಲ್ಕು ಹಲ್ಲಿನ ಪುಟ್ಟ ಕಿರೀಟ, ಒಳಗೆ ಎರಡು ಬೀಜ, ಚಿವುಟಿದರೆ ಸೊನೆ ಇಲ್ಲ. ಇದಕ್ಕೆ ಹತ್ತಿರದ ವೇಷದಲ್ಲಿ ರಸ್ತೆ ಬದಿಯಲ್ಲೂ ಕಂಪೌಂಡಿನ ಮೂಲೆಯಲ್ಲೂ ಎದ್ದು ನಿಲ್ಲುವುದು ಕಾಡು ಸರ್ಪಗಂಧ, ರವುಲ್ಫಿಯಾ ಟೆಟ್ರಾಫಿಲ್ಲಾ. ಇದರ ಹಣ್ಣೂ ಹಸಿರಿನಿಂದ ಕೆಂಪಾಗಿ, ಕೆಂಪಿನಿಂದ ಕಪ್ಪಾಗಿ ಬಲಿಯುತ್ತದೆ; ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಕಾಣುವುದರಿಂದ ಮಕ್ಕಳ ಕಣ್ಣು ಅಲ್ಲಿಗೇ ಹೋಗುತ್ತದೆ. ಎಲೆ ನೋಡಿದರೆ ಗುಟ್ಟು ರಟ್ಟು. ಒಂದು ಗಂಟಿಗೆ ನಾಲ್ಕು ಎಲೆ, ಅದರಲ್ಲೂ ಎರಡು ದೊಡ್ಡವು, ಎರಡು ಚಿಕ್ಕವು. ಎಲೆ ಮುರಿದರೆ ಬಿಳಿ ಸೊನೆ. ಹಣ್ಣಿನ ತುದಿಯಲ್ಲಿ ಕಿರೀಟವಿಲ್ಲ. ರಕ್ತದೊತ್ತಡ ಇಳಿಸುವ ಔಷಧ ತೆಗೆಯುವ ಸರ್ಪಗಂಧದ ಸೋದರ ಇದು, ಗಿಡದಲ್ಲಿ ಅದೇ ಬಗೆಯ ಆಲ್ಕಲಾಯ್ಡ್‌ಗಳಿವೆ. ಔಷಧದ ಗಿಡ ಎಂದ ಮಾತ್ರಕ್ಕೆ ಹಣ್ಣು ತಿನ್ನಬಹುದು ಎಂದಲ್ಲ, ತಿರುಗಾ ಮುರುಗಾ ಓದಿದರೂ ಅಲ್ಲ.

ಅತಿ ಹೆಚ್ಚು ಎಡವುವುದು ಗಾಣಿಕೆಯ ವಿಚಾರದಲ್ಲಿ. ಕಾಕಿ ಹಣ್ಣು, ಮಲಯಾಳದ ಮಣಿತಕ್ಕಾಳಿ, ಎಲ್ಲ ಒಂದೇ. ಬಾಯಿಹುಣ್ಣಿಗೆ ಒಳ್ಳೆಯದೆಂದು ಇದರ ಸೊಪ್ಪಿನ ತಂಬುಳಿ ಮಾಡದ ಮನೆ ನಮ್ಮಲ್ಲಿ ಕಡಿಮೆ. ಇದು ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗಿನ ಮೆದು ಗಿಡ, ಕಟ್ಟಿಗೆ ಆಗುವುದಿಲ್ಲ. ಹೂವು ಬಿಳಿ ನಕ್ಷತ್ರ, ನಡುವೆ ಹಳದಿ ಮೊನೆ. ಹಣ್ಣಿನ ಗೊಂಚಲು ಎಲೆಯ ಕಂಕುಳಿನಿಂದ ಹೊರಡುವುದಿಲ್ಲ, ಎರಡು ಎಲೆಗಳ ನಡುವಿನ ಬರಿ ಕಾಂಡದಿಂದ ಒಂದು ತೊಟ್ಟು ಚಾಚಿ ಅದರ ತುದಿಯಲ್ಲಿ ನಾಲ್ಕೆಂಟು ಹಣ್ಣು ಕೊಡೆಯ ಕಡ್ಡಿಗಳಂತೆ ಹರಡಿರುತ್ತವೆ. ಈ ಒಂದು ಗುರುತು ಕಣ್ಣಿಗೆ ರೂಢಿಯಾದರೆ ಮುಕ್ಕಾಲು ಕೆಲಸ ಮುಗಿಯಿತು. ಹಣ್ಣು ಸುಮಾರು 5ರಿಂದ 8 ಮಿಲಿಮೀಟರ್, ಬುಡದಲ್ಲಿ ಹಣ್ಣಿಗಿಂತ ಚಿಕ್ಕದಾದ ಐದು ಎಸಳಿನ ಟೊಪ್ಪಿ, ಕತ್ತರಿಸಿದರೆ ರಸದಲ್ಲಿ ಹತ್ತಾರು ಚಪ್ಪಟೆ ಸಣ್ಣ ಬೀಜ. ಪೂರ್ತಿ ಕಪ್ಪಾದ ಮೇಲೆ ಮಾತ್ರ ತಿನ್ನಬೇಕು. ಹಸಿರು ಕಾಯಿಯಲ್ಲಿ ಸೊಲಾನಿನ್ ಜಾತಿಯ ವಿಷಾಂಶವಿದೆ; ಹೊಟ್ಟೆನೋವು, ವಾಂತಿ, ತಲೆಸುತ್ತು ಬರುವುದು ಇದರಿಂದ. ಗೊಂಚಲನ್ನು ಹಾಗೆಯೇ ಬಾಯಿಗೆ ಹಾಕಿಕೊಂಡರೆ ಕಪ್ಪಿನ ಜೊತೆಗೆ ಹಸಿರೂ ಹೋಗುತ್ತದೆ, ಒಂದೊಂದೇ ಬಿಡಿಸಿ ಕೊಡಿ.

ಇದಕ್ಕೆ ಜೋಡಿಯಾಗಿ ನಿಲ್ಲುವುದು ಹಗಲು ರಾಣಿ. ದಿನ್ ಕಾ ರಾಜಾ ಎಂದೂ ಮಾರುತ್ತಾರೆ, ಸೆಸ್ಟ್ರಮ್ ಡಯರ್ನಮ್ ಎಂಬುದು ಪುಸ್ತಕದ ಹೆಸರು. ಹಗಲಿನಲ್ಲಿ ಘಮಘಮಿಸುವ ಬಿಳಿ ಕೊಳವೆ ಹೂವಿಗಾಗಿ ಗೇಟಿನ ಪಕ್ಕ ನೆಡುವುದು ರೂಢಿ. ಹಣ್ಣು ಹೊಳೆಯುವ ಕಪ್ಪು ನೇರಳೆ ಬಣ್ಣ, ಗಾತ್ರವೂ ಗಾಣಿಕೆಯದೇ. ಆದರೆ ಇದು ಆಳೆತ್ತರ ಮೀರುವ ಕಟ್ಟಿಗೆಯ ಪೊದೆ, ಎಲೆ ದಪ್ಪ, ನುಣುಪು, ಮಿರುಗು. ಗೊಂಚಲು ಎಲೆಯ ಕಂಕುಳಿನಿಂದಲೇ ಬರುತ್ತದೆ. ಬುಡದಲ್ಲಿ ಎಸಳಾಗಿ ಬಿಡಿಸಿಕೊಂಡ ಟೊಪ್ಪಿಯಿಲ್ಲ, ಬಟ್ಟಲಿನಂಥ ಪುಟ್ಟ ತೊಟ್ಟಿನಲ್ಲಿ ಹಣ್ಣು ಕೂತಿರುತ್ತದೆ. ಬೀಜ ಕೆಲವೇ, ಗಾಣಿಕೆಯದಕ್ಕಿಂತ ಎಷ್ಟೋ ದೊಡ್ಡವು. ಇದರ ಎಲೆಯಲ್ಲಿ ವಿಟಮಿನ್ ‘ಡಿ’ಯ ಪ್ರಬಲ ರೂಪವೊಂದು ಇರುವುದರಿಂದ ತಿಂದ ದನಕರುಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ರಕ್ತನಾಳಗಳಲ್ಲೂ ಮೂತ್ರಪಿಂಡದಲ್ಲೂ ಗಟ್ಟಿಯಾಗಿ ಕೂರುತ್ತದೆ. ರಾತ್ರಿ ರಾಣಿಯ ಹಣ್ಣು ಬಿಳಿ, ಅದನ್ನು ಯಾರೂ ಗಾಣಿಕೆ ಎಂದುಕೊಳ್ಳುವುದಿಲ್ಲ, ಆದರೆ ತಿನ್ನುವಂಥದ್ದೂ ಅಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದವರು ಬೆಲ್ಲಡೋನಾದ ಚಿತ್ರ ನೋಡಿ ಹೆದರಿ ಗಾಣಿಕೆಯನ್ನೇ ಕಿತ್ತೆಸೆಯುವುದೂ ಉಂಟು. ಬೆಲ್ಲಡೋನಾ ಯುರೋಪಿನ ಗಿಡ, ನಮ್ಮ ಕರಾವಳಿಯ ಸೆಖೆಯಲ್ಲಿ ಹಿತ್ತಲಿಗೆ ತಾನಾಗಿ ಬರುವಂಥದ್ದಲ್ಲ. ಅಲ್ಲಿನ ಹೆದರಿಕೆಯನ್ನು ಇಲ್ಲಿಗೆ ತರುವುದು ಬೇಡ, ಇಲ್ಲಿನ ಹಗಲು ರಾಣಿಯನ್ನು ಮರೆಯುವುದೂ ಬೇಡ.

ದುರಂತಾ ಈಗ ಇಲ್ಲದ ಅಂಗಳವಿಲ್ಲ. ಶಾಲೆ, ಬ್ಯಾಂಕು, ಮದುವೆ ಹಾಲ್, ಎಲ್ಲ ಕಡೆಯೂ ಹಳದಿ ಎಲೆಯ ಕತ್ತರಿಸಿದ ಬೇಲಿ ಇದೇ. ತಿಂಗಳಿಗೊಮ್ಮೆ ಕತ್ತರಿ ಆಡಿಸುತ್ತಿದ್ದರೆ ಹೂವು ಬಿಡುವುದಿಲ್ಲ, ಏಕೆಂದರೆ ಹೂಗೊಂಚಲು ಬರುವುದು ಹೊಸ ಚಿಗುರಿನಲ್ಲಿ. ಮಳೆಗಾಲದಲ್ಲಿ ಕತ್ತರಿ ಮರೆತರೆ ನೇರಳೆ ಹೂವು, ಆಮೇಲೆ ಸರಮಾಲೆಯಾಗಿ ತೂಗುವ ಚಿನ್ನದ ಬಣ್ಣದ ಹಣ್ಣು. ಸುಮಾರು ಒಂದು ಸೆಂಟಿಮೀಟರ್ ಗಾತ್ರ. ಹತ್ತಿರದಿಂದ ನೋಡಿ: ಹಣ್ಣಿನ ಮೈಗೆ ಬಿಗಿಯಾಗಿ ಅಂಟಿದ ಹಳದಿ ಹೊದಿಕೆ ತುದಿಯಲ್ಲಿ ಸಣ್ಣ ಕೊಕ್ಕಿನಂತೆ ಮುಚ್ಚಿಕೊಂಡಿರುತ್ತದೆ. ಮಕ್ಕಳು ಇದನ್ನು ಗುಪ್ಪಟೆ ಹಣ್ಣಿನ ಹೊಸ ಜಾತಿ ಎಂದುಕೊಳ್ಳುವುದು ಈ ಹೊದಿಕೆಯಿಂದಲೇ. ಗುಪ್ಪಟೆಯ ಹೊದಿಕೆ ಸಡಿಲ, ಕಾಗದದಷ್ಟು ತೆಳು, ಒಳಗೆ ಗಾಳಿ, ಹಣೆಗೆ ಬಡಿದರೆ ಪಟ್ ಎನ್ನುತ್ತದೆ. ಒಂದು ಕಂಕುಳಿಗೆ ಒಂದೇ ಹಣ್ಣು, ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಬೀಜ. ದುರಂತಾದಲ್ಲಿ ಹಣ್ಣು ಸಾಲುಸಾಲು, ಒಳಗೆ ಗಟ್ಟಿ ಓಟೆಗಳು. ಇದರ ಹಣ್ಣು ತಿಂದರೆ ವಾಂತಿ, ಜ್ವರ, ಮಂಪರು, ಹೆಚ್ಚಾದರೆ ಸೆಳೆತ. ಮಕ್ಕಳ ಪ್ರಾಣ ಹೋದ ದಾಖಲೆಗಳೂ ಇವೆ. ಅಂಗನವಾಡಿಯ ಬೇಲಿಗೆ ಇದನ್ನು ನೆಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ದಾಸವಾಳ ಇಲ್ಲವೇ?

ಕರಂಡೆಯ ವಿಚಾರಕ್ಕೆ ಬಂದರೆ, ಅದೂ ಕರವೀರವೂ ಕಣಗಿಲೆಯೂ ಒಂದೇ ಕುಟುಂಬದವು, ಮೂರರಲ್ಲೂ ಬಿಳಿ ಸೊನೆ. ಉಪ್ಪಿನಕಾಯಿಗೆ ಎಳೆಯ ಕರಂಡೆ ಕೊಯ್ಯುವಾಗ ಬೇಲಿಯಲ್ಲಿ ಕರವೀರದ ಗೆಲ್ಲು ಹೆಣೆದುಕೊಂಡಿದ್ದರೆ ಹಸಿರು ಕಾಯಿಗಳು ಬುಟ್ಟಿಯಲ್ಲಿ ಬೆರೆಯುವ ಅಪಾಯವಿದೆ. ಕೆಲಸದವರನ್ನು ಕಳಿಸುವ ಮೊದಲು ಗೆಲ್ಲು ತೋರಿಸಿ ಕಳಿಸಬೇಕು. ಕರಂಡೆಯ ಗಂಟುಗಳಲ್ಲಿ ಗಟ್ಟಿಯಾದ ಜೋಡಿ ಮುಳ್ಳು, ಕೆಲವೊಮ್ಮೆ ತುದಿ ಕವಲೊಡೆದದ್ದು. ಎಲೆ ಅಗಲ, ಜೋಡಿಜೋಡಿ. ಕರವೀರಕ್ಕೆ ಮುಳ್ಳಿಲ್ಲ, ಎಲೆ ಕಿರಿದು, ಉದ್ದ, ಗೆಲ್ಲಿನ ಸುತ್ತ ಒತ್ತೊತ್ತಾಗಿ. ಕರಂಡೆಯ ಕಾಯಿ ಮೊಟ್ಟೆಯಾಕಾರ, 2 ಸೆಂಟಿಮೀಟರಿನ ಆಸುಪಾಸು, ಕತ್ತರಿಸಿದರೆ ಕೆಲವು ಚಪ್ಪಟೆ ಬೀಜ. ಕರವೀರದ್ದು 3ರಿಂದ 4 ಸೆಂಟಿಮೀಟರ್, ಮೂಲೆಮೂಲೆಯಾದ ಆಕಾರ, ಚೂರಿ ಒಳಗಿನ ಗಟ್ಟಿ ಓಟೆಗೆ ತಾಗಿ ನಿಲ್ಲುತ್ತದೆ. ಚೂರಿ ನಿಂತ ಕಾಯಿಯನ್ನು ಅಲ್ಲೇ ಪ್ರತ್ಯೇಕಿಸಿ, ಇಡೀ ಬುಟ್ಟಿಯನ್ನು ಮತ್ತೊಮ್ಮೆ ಹರಡಿ ನೋಡಿ. ಬೇಯಿಸಿದರೆ, ಒಣಗಿಸಿದರೆ, ಉಪ್ಪಿನಲ್ಲಿ ಹಾಕಿದರೆ ಕರವೀರದ ವಿಷ ಹೋಗುವುದಿಲ್ಲ.

2024ರ ಮೇ ತಿಂಗಳಲ್ಲಿ ಕೇರಳದ ದೇವಸ್ಥಾನಗಳ ಆಡಳಿತ ನಡೆಸುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂ, ಎಂದರೆ ನಮ್ಮ ಕಣಗಿಲೆ, ಬಳಸುವುದನ್ನು ವಿಷದ ಭಯದಿಂದ ಕೈಬಿಟ್ಟವು. ಪ್ರಸಾದದಿಂದ ಹೋದ ಗಿಡ ಬೇಲಿಯಲ್ಲಿ ಹಾಗೇ ಇದೆ. ಸವರಿದ ಗೆಲ್ಲುಗಳನ್ನು ಗೋಡೆಯಾಚೆ ಎಸೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಹಸಿ ಎಲೆಯ ಕಹಿಗೆ ಮುಖ ತಿರುಗಿಸುವ ದನ, ಬಾಡಿದ ಎಲೆಯನ್ನು ಹುಲ್ಲಿನ ಜೊತೆ ಮೇಯುತ್ತದೆ. ಕಾಸರಗೋಡು ಗಿಡ್ಡ ತಳಿ ಉಳಿಸುತ್ತೇವೆ ಎಂದು ಸಭೆ ಮಾಡುವ ಊರಿನಲ್ಲಿ ಇಷ್ಟು ಎಚ್ಚರ ಬೇಡವೇ. ಸವರಿದ್ದನ್ನು ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ. ಕೈಗವಸು ಹಾಕಿ ಗುಂಡಿ ತೋಡಿ ಹೂಳಿ.

ಉಳಿದವನ್ನು ಬೇಗ ಹೇಳುತ್ತೇವೆ. ಕುಂಡದಲ್ಲಿಡುವ ಅಗ್ಲೋನಿಮಾ ಎಲೆಗಳ ಬುಡದಲ್ಲಿ ಕಾಫಿ ಹಣ್ಣಿನಂಥ ಕೆಂಪು ಗೊಂಚಲು ಬಿಡುತ್ತದೆ. ಬೈನೆ ಮತ್ತು ಅದರ ಅಲಂಕಾರಿಕ ತಮ್ಮ, ಮೀನಿನ ಬಾಲದಂಥ ಎಲೆಯ ಫಿಶ್‌ಟೇಲ್ ಪಾಮ್, ಕುಂಟಾಲದ ಬಣ್ಣದ ಹಣ್ಣು ಉದುರಿಸುತ್ತವೆ. ಇವುಗಳ ತಿರುಳಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಕಚ್ಚಿದ ಕ್ಷಣದಲ್ಲೇ ಬಾಯಿ ಉರಿದು ನಾಲಗೆ ಊದುತ್ತದೆ. ಕುಂಟಾಲದ ತುದಿಯಲ್ಲಿ ನೇರಳೆಯಂತೆ ಕಿರೀಟದ ಗುರುತಿದೆ, ತಾಳೆಗಳ ಹಣ್ಣಿನಲ್ಲಿ ಟೊಪ್ಪಿ ತೊಟ್ಟಿನ ಕಡೆ. ಲಂಟಾನದ ಕಪ್ಪು ಗೊಂಚಲನ್ನು ಹಿಪ್ಪುನೇರಳೆ ಎಂದುಕೊಂಡು ತಿನ್ನುವವರಿದ್ದಾರೆ. ಹಿಪ್ಪುನೇರಳೆ ಇಡಿಯಾಗಿ ಒಂದೇ ಹಣ್ಣಾಗಿ ಕೈಗೆ ಬರುತ್ತದೆ, ಲಂಟಾನದಲ್ಲಿ ಮಣಿಗಳು ಒಂದೊಂದಾಗಿ ಉದುರುತ್ತವೆ, ಎಲೆ ಉಜ್ಜಿದರೆ ಘಾಟು ವಾಸನೆ. ಪೂರ್ತಿ ಕಪ್ಪಾದ ಒಂದೆರಡು ಮಣಿ ತಿಂದ ಮಗುವನ್ನು ಕಂಡು ಗಾಬರಿಯಾಗಬೇಕಿಲ್ಲ, ಹಸಿರು ಕಾಯಿ ತಿಂದಿದ್ದರೆ ವೈದ್ಯರಿಗೆ ತೋರಿಸಿ.

ಗುಲಗಂಜಿ ಹಣ್ಣಲ್ಲ, ಆದರೂ ಬಿಡುವಂತಿಲ್ಲ. ಪೂರ್ತಿ ಕೆಂಪಗಿರುವುದು ಮಂಜಾಡಿ, ಕೆಂಪಿನ ಮೇಲೆ ಕಪ್ಪು ಕಣ್ಣಿರುವುದು ಗುಲಗಂಜಿ. ಇಡಿಯಾಗಿ ನುಂಗಿದ ಗುಲಗಂಜಿ ಗಟ್ಟಿ ಸಿಪ್ಪೆಯ ದೆಸೆಯಿಂದ ಹಾಗೆಯೇ ಹೊರಬೀಳಬಹುದು. ಜಗಿದದ್ದು ಅಥವಾ ಸರ ಪೋಣಿಸಲು ತೂತು ಕೊರೆದದ್ದು ಪ್ರಾಣಾಂತಿಕ. ಶಾಲೆಯ ಕರಕುಶಲ ತರಗತಿಗೆ ಇದನ್ನು ತರಿಸುವ ಅಧ್ಯಾಪಕರು ದಯವಿಟ್ಟು ಮಂಜಾಡಿ ತರಿಸಲಿ.

ಮಗು ಏನೋ ತಿಂದಿದೆ ಎಂದು ಗೊತ್ತಾದರೆ ಮೊದಲು ಬಾಯಿಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು ನೀರಿನಿಂದ ಮುಕ್ಕಳಿಸಿ ಉಗುಳಿಸಿ. ಉಪ್ಪುನೀರು ಕುಡಿಸುವುದೂ ಬೇಡ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ. ಮಂಪರಿನಲ್ಲಿರುವ ಮಗುವಿಗೆ ವಾಂತಿ ಶ್ವಾಸಕೋಶಕ್ಕೆ ಹೋದರೆ ವಿಷಕ್ಕಿಂತ ಅದೇ ಮೊದಲು ಕೊಲ್ಲಬಹುದು; ಉಪ್ಪು ಹೆಚ್ಚಾದರೂ ಪ್ರಾಣಾಪಾಯವೇ. ಒಲೆಯ ಇದ್ದಿಲನ್ನು ತಿನ್ನಿಸಬೇಡಿ, ಅದು ವಿಷ ಹೀರಲು ಆಸ್ಪತ್ರೆಯಲ್ಲಿ ಕೊಡುವ ಇದ್ದಿಲ ಪುಡಿಯಲ್ಲ. ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ. ತಿಂದ ಗಿಡದ ಗೆಲ್ಲನ್ನು ಎಲೆ, ಹಣ್ಣುಗಳ ಸಮೇತ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ತಿಂದ ಹೊತ್ತು, ಅಂದಾಜು ಎಷ್ಟು, ಮಗುವಿನ ತೂಕ, ಇಷ್ಟನ್ನು ಚೀಟಿಯಲ್ಲಿ ಬರೆದರೆ ವೈದ್ಯರಿಗೆ ಅರ್ಧ ಗಂಟೆ ಉಳಿಯುತ್ತದೆ.

ಏನೂ ಆಗಿಲ್ಲವಲ್ಲ, ನೋಡೋಣ ಎಂದು ಕೂರುವುದು ದೊಡ್ಡ ತಪ್ಪು. ಕರವೀರದಲ್ಲಿ ವಾಂತಿ ನಿಂತು ಮಗು ಆಡಲು ಶುರುಮಾಡಿದ ಮೇಲೂ ಹೃದಯದ ಬಡಿತ ತಪ್ಪಬಹುದು, ಹಾಗಾಗಿ ಇಸಿಜಿ ನೋಡುತ್ತ ಕನಿಷ್ಠ ಒಂದು ಹಗಲು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ. ಗುಲಗಂಜಿ, ಹರಳು (ಔಡಲ) ಬೀಜಗಳಲ್ಲಿ ಲಕ್ಷಣ ಕಾಣಲು ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನವೇ ಹಿಡಿಯುತ್ತದೆ. ಎಣ್ಮಕಜೆ, ದೇಲಂಪಾಡಿಯಂಥ ಗಡಿ ಪಂಚಾಯತುಗಳಿಂದ ಮಂಗಳೂರಿಗೋ ಪರಿಯಾರದ ಮೆಡಿಕಲ್ ಕಾಲೇಜಿಗೋ ಹೋಗುವ ದಾರಿಯ ಹೊತ್ತನ್ನೂ ಇದಕ್ಕೆ ಸೇರಿಸಿಕೊಳ್ಳಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ನಿಮ್ಮ ಊರಿನ ವೈದ್ಯರೂ ಅಲ್ಲಿಗೆ ಕರೆ ಮಾಡಿ ಕೇಳಬಹುದು.

ಮೊಬೈಲ್ ಆ್ಯಪ್‌ಗಳ ಬಗ್ಗೆ ಒಂದು ಮಾತು. ಗಿಡದ ಹೆಸರು ಹುಡುಕಲು ಅವು ದಾರಿ ತೋರಿಸುತ್ತವೆ, ತಿನ್ನಲು ಅನುಮತಿ ಕೊಡುವುದಿಲ್ಲ. ಹಣ್ಣಿನದೊಂದೇ ಫೋಟೊ ಹಾಕಿದರೆ ಗಾಣಿಕೆಗೆ ಹಗಲು ರಾಣಿ ಎಂದೂ, ಹಗಲು ರಾಣಿಗೆ ಗಾಣಿಕೆ ಎಂದೂ ಹೇಳಬಹುದು. ಕೃಷಿಭವನಕ್ಕೋ, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೃಷಿ ವಿಜ್ಞಾನ ಕೇಂದ್ರಕ್ಕೋ, ಪಡನ್ನಕ್ಕಾಡಿನ ಕೃಷಿ ಕಾಲೇಜಿಗೋ ಗೆಲ್ಲನ್ನೇ ಒಯ್ದು ತೋರಿಸುವುದು ವಾಸಿ.

ನರ್ಸರಿಯವರಲ್ಲಿ ನಮ್ಮ ಕೇಳಿಕೆ ಸಣ್ಣದು. ಸಣ್ಣಗೆ, ದುಂಡಗೆ, ಕೆಂಪಗೆ ಇರುವುದಕ್ಕೆಲ್ಲ ‘ಚೆರಿ’ ಎಂದು ಹೆಸರಿಟ್ಟು ಮಾರಬೇಡಿ. ಬಿಲ್ಲಿನಲ್ಲಿ ಸಸ್ಯಶಾಸ್ತ್ರೀಯ ಹೆಸರು ಬರೆಯಿರಿ. ಕೊಳ್ಳುವವರೂ ಬಾಯಿಬಿಟ್ಟು ಕೇಳಲಿ. ಸುರಿನಾಮ್ ಚೆರಿಯಾದರೆ ಹಣ್ಣಿಗೆ ಏಳೆಂಟು ಏಣುಗಳಿರಬೇಕು, ಬಾರ್ಬಡೋಸ್ ಚೆರಿಯಾದರೆ ಮೂರು ಬೀಜ ಇರಬೇಕು. ನುಣ್ಣನೆಯ ಕಿತ್ತಳೆಗೆಂಪು ಹಣ್ಣಿನ ಒಳಗೆ ಟೊಮೆಟೊದಂತೆ ಚಪ್ಪಟೆ ಬೀಜಗಳು ತುಂಬಿದ್ದರೆ ಅದು ಜೆರುಸಲೇಮ್ ಚೆರಿ, ಬದನೆಯ ಕುಟುಂಬದ ವಿಷದ ಗಿಡ, ಕುಂಡದಲ್ಲಿ ನೋಡಲು ಮಾತ್ರ. ಇನ್ನು ಗಿಡಗಳ ಮೇಲೆ ಬರುವ ಚೀಟಿಗಳು ಮಲಯಾಳ ಇಲ್ಲವೇ ಇಂಗ್ಲಿಷಿನಲ್ಲಿರುತ್ತವೆ. ಕನ್ನಡದಲ್ಲೂ ಇರಲಿ ಎಂದು ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಮಾತನಾಡುವ ನಮ್ಮ ಜನಪ್ರತಿನಿಧಿಗಳು ಪಂಚಾಯತು ನರ್ಸರಿಗಳಿಂದಲಾದರೂ ಶುರುಮಾಡಿಸಲಿ.

ತಮ್ಮಲ್ಲೂ ಒಂದು ವಿನಂತಿ. ಮುಂದಿನ ಬಾರಿ ಹಿತ್ತಲ ಹಣ್ಣುಗಳ ಬರಹ ಅಚ್ಚುಮಾಡುವಾಗ ಅಂಗೈಯ ಮೇಲಿನ ಹಣ್ಣಿನ ಚಿತ್ರದ ಬದಲು, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು, ಎಲೆ ಸಮೇತವಾದ ಗೆಲ್ಲಿನದೊಂದು, ಅಡ್ಡಕ್ಕೆ ಕತ್ತರಿಸಿದ ಹಣ್ಣಿನದೊಂದು ಚಿತ್ರ ಹಾಕಿ. ಬಣ್ಣದ ಪುಟ ಸಿಗದಿದ್ದರೂ ನಡೆಯುತ್ತದೆ, ಮೇಲೆ ಹೇಳಿದ ಗುರುತುಗಳಲ್ಲಿ ಹೆಚ್ಚಿನವು ಕಪ್ಪುಬಿಳುಪಿನಲ್ಲೂ ಕಾಣುತ್ತವೆ.

ಇತಿ,
ಓದುಗರು, ನೀರ್ಚಾಲು